ವಾಲ್ವಿಗೆ ಜ್ವರ, ಟೈಮರ್‌ಗೆ ಬರೆ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಬ್ರಿಟನ್ನಿನಲ್ಲಿರುವ ಓದುಗರಿಂದ ಸೆಂಟ್ರಲ್ ಹೀಟಿಂಗ್ ಟೈಮರ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆ ದೇಶಕ್ಕೆ ಹೊಸದಾಗಿ ಹೋದವರಿಗಾಗಿ ಮೊದಲು ಎರಡು ಮಾತು. ಅಲ್ಲಿನ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವ್ಯವಸ್ಥೆ ಇರುತ್ತದೆ. ಒಂದು ಕಾಂಬಿ ಬಾಯ್ಲರ್: ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸಿ ಕೊಡುತ್ತದೆ, ಆದ್ದರಿಂದ ಟೈಮರ್ ಬೇಕಾಗಿರುವುದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಮಾತ್ರ. ಇನ್ನೊಂದು ಸಿಲಿಂಡರ್ ಇರುವ ವ್ಯವಸ್ಥೆ. ಇಲ್ಲಿ ಸಿಲಿಂಡರ್ ಎಂದರೆ ಅಡುಗೆ ಅನಿಲದ್ದಲ್ಲ, ಬಿಸಿನೀರು ಕೂಡಿಡುವ ಹಂಡೆ. ಇದಕ್ಕೆ ಹೀಟಿಂಗ್ ಒಂದು, ಬಿಸಿನೀರು ಒಂದು ಎಂದು ಎರಡು ಚಾನೆಲ್‌ಗಳ ಟೈಮರ್ ಬೇಕು. ಅಂಗಡಿಯಲ್ಲಿ ಅದನ್ನು ಪ್ರೋಗ್ರಾಮರ್ ಎನ್ನುತ್ತಾರೆ.

ಪ್ರಶ್ನೆ: ಟೈಮರ್‌ನಲ್ಲಿ ಎಲ್ಲವೂ ಆಫ್ ಎಂದೇ ತೋರಿಸುತ್ತದೆ. ಆದರೂ ಬಾಯ್ಲರ್ ಉರಿಯುತ್ತದೆ, ಪಂಪಿನ ಸದ್ದು ಕೇಳುತ್ತದೆ, ಹೀಟಿಂಗ್ ನಿಲ್ಲುವುದೇ ಇಲ್ಲ. ಟೈಮರ್ ಬದಲಿಸಬೇಕೇ? (ಲೀಡ್ಸ್)

ಉತ್ತರ: ಈಗಲೇ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಈ ದೂರಿಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದುವುದಿಲ್ಲ. ಟೈಮರ್ ಎಂದರೆ ಗಡಿಯಾರಕ್ಕೆ ಕಟ್ಟಿದ ಒಂದು ಸ್ವಿಚ್ಚು, ಅಷ್ಟೆ. ಸಿಲಿಂಡರ್ ಇರುವ ಮನೆಗಳಲ್ಲಿ ಬಾಯ್ಲರ್‌ಗೆ ಕೊನೆಯ ಅಪ್ಪಣೆ ಕೊಡುವುದು ಹೆಚ್ಚಾಗಿ ಟೈಮರ್ ಅಲ್ಲ, ಪೈಪಿನ ಮೇಲೆ ಕೂತಿರುವ ಮೋಟಾರ್ ವಾಲ್ವ್.

ಎರಡು ವಾಲ್ವ್‌ಗಳ ವ್ಯವಸ್ಥೆಗೆ ಎಸ್ ಪ್ಲಾನ್ ಎಂದು ಹೆಸರು. ಅದರಲ್ಲಿ ಟೈಮರ್ ಮತ್ತು ಥರ್ಮೋಸ್ಟಾಟ್ (ಉಷ್ಣಾಂಶ ನೋಡಿ ಆನ್-ಆಫ್ ಆಗುವ ಸ್ವಿಚ್ಚು) ಒಪ್ಪಿದಾಗ ವಾಲ್ವಿನ ಕಂದು ತಂತಿಗೆ ಕರೆಂಟು ಬರುತ್ತದೆ, ಮೋಟಾರು ತಿರುಗಿ ವಾಲ್ವ್ ತೆರೆಯುತ್ತದೆ. ಪೂರ್ತಿ ತೆರೆದ ಮೇಲೆ ಒಳಗಿನ ಪುಟ್ಟ ಮೈಕ್ರೋಸ್ವಿಚ್ ಒತ್ತಿಕೊಂಡು ಬೂದು ತಂತಿಯನ್ನು ಕಿತ್ತಳೆ ತಂತಿಗೆ ಸೇರಿಸುತ್ತದೆ. ಬೂದು ತಂತಿಯಲ್ಲಿ ಸದಾ ಕರೆಂಟು ಇರುತ್ತದೆ. ಕಿತ್ತಳೆ ತಂತಿ ಬಾಯ್ಲರ್‌ಗೂ ಪಂಪಿಗೂ ಹೋಗುತ್ತದೆ. ಮೈಕ್ರೋಸ್ವಿಚ್ಚಿನ ತುದಿಗಳು ಅಂಟಿಕೊಂಡರೆ ಅಥವಾ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಟೈಮರ್ ಆಫ್ ಆದರೂ ಬಾಯ್ಲರ್‌ಗೆ ಅದು ಗೊತ್ತಾಗುವುದಿಲ್ಲ.

ಎಸ್ ಪ್ಲಾನ್ ಇರುವ ಮನೆಯಲ್ಲಿ ತಪ್ಪು ಯಾರದೆಂದು ತಿಳಿಯಲು ಹೀಗೆ ಮಾಡಿ. ಹೀಟಿಂಗ್‌ಗೆ ಕರೆಂಟು ಕೊಡುವ ಫ್ಯೂಸ್ ಇರುವ ಗೋಡೆ ಸ್ವಿಚ್ಚನ್ನು (ಅಲ್ಲಿ ಅದನ್ನು ಫ್ಯೂಸ್ಡ್ ಸ್ಪರ್ ಎನ್ನುತ್ತಾರೆ) ಆಫ್ ಮಾಡಿ. ಪ್ರೋಗ್ರಾಮರ್‌ನ ಕೆಳಗಿನ ಎರಡು ಸ್ಕ್ರೂ ಸಡಿಲಿಸಿ, ಕೆಳಭಾಗವನ್ನು ಮುಂದಕ್ಕೆ ಎಳೆದು ಮೇಲಕ್ಕೆತ್ತಿದರೆ ಮುಂಭಾಗ ಪೂರ್ತಿ ಕಳಚಿ ಬರುತ್ತದೆ. ಗೋಡೆಯಲ್ಲಿ ತಂತಿ ಜೋಡಿಸಿದ ಬ್ಯಾಕ್‌ಪ್ಲೇಟ್ ಮಾತ್ರ ಉಳಿಯುತ್ತದೆ. ಈಗ ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಂಡು, ಬ್ಯಾಕ್‌ಪ್ಲೇಟನ್ನು ಮುಟ್ಟದೆ, ಸ್ಪರ್ ಆನ್ ಮಾಡಿ. ಅಲ್ಲಿ 230 ವೋಲ್ಟ್ ಬಯಲಲ್ಲೇ ಇರುತ್ತದೆ ಎಂಬುದು ನೆನಪಿರಲಿ. ಪ್ರೋಗ್ರಾಮರ್ ಗೋಡೆಯ ಮೇಲೆ ಇಲ್ಲದೆಯೂ ಬಾಯ್ಲರ್ ಹೊತ್ತಿಕೊಂಡರೆ ಅದು ನಿರಪರಾಧಿ. ಬಾಯ್ಲರ್ ಸುಮ್ಮನಿದ್ದು, ಮತ್ತೆ ಜೋಡಿಸಿದಾಗ ಆಫ್ ಸ್ಥಿತಿಯಲ್ಲೇ ಉರಿಯತೊಡಗಿದರೆ ಒಳಗಿನ ರಿಲೇಯ (ಕರೆಂಟು ಹರಿದಾಗ ಸುರುಳಿ ಎಳೆದು ಸೇರಿಸುವ ಸ್ವಿಚ್ಚು) ತುದಿಗಳು ಬೆಸೆದುಕೊಂಡಿವೆ, ಹೊಸದು ತರಬೇಕು.

ವಾಲ್ವನ್ನು ಪರೀಕ್ಷಿಸಲು ಅದರ ಪಕ್ಕದ ಪುಟ್ಟ ಲಿವರ್ ಸಾಕು. ವಾಲ್ವ್ ಸರಿಯಾಗಿ ಮುಚ್ಚಿದ್ದರೆ ಲಿವರ್ ತಳ್ಳುವಾಗ ಸ್ಪ್ರಿಂಗಿನ ಬಿಗಿ ಗೊತ್ತಾಗುತ್ತದೆ. ಯಾವ ಬಿಗಿಯೂ ಇಲ್ಲದೆ ಲೊಡಲೊಡ ಆಡಿದರೆ ವಾಲ್ವ್ ತೆರೆದೇ ಇದೆ. ಈಚಿನ ವಾಲ್ವ್‌ಗಳಲ್ಲಿ ಮೇಲಿನ ತಲೆಯನ್ನಷ್ಟೇ ಬದಲಿಸಬಹುದು, ಪೈಪಿನ ನೀರು ಖಾಲಿ ಮಾಡಬೇಕಿಲ್ಲ. ತಲೆ ಕಳಚಿ ಬರದ ಹಳೆಯ ಮಾದರಿಯಾದರೆ ನೀರು ಇಳಿಸಲೇಬೇಕು.

ಇನ್ನು ದೋಷವೇ ಅಲ್ಲದ ಮೂರು ಸಂಗತಿಗಳಿವೆ. ಬಾಯ್ಲರ್ ಆರಿದ ಮೇಲೂ ಕೆಲವು ನಿಮಿಷ ಪಂಪು ಓಡುವುದು ಸಹಜ, ಒಳಗಿನ ಶಾಖ ಹೊರಹೋಗಲಿ ಎಂದೇ ಹಾಗೆ ಮಾಡಿರುತ್ತಾರೆ. ಗ್ಯಾರೇಜಿನಲ್ಲೋ ಅಟ್ಟದಲ್ಲೋ ಬಾಯ್ಲರ್ ಇದ್ದರೆ ಫ್ರಾಸ್ಟ್ ಸ್ಟಾಟ್ ಇರಬಹುದು. ಅಲ್ಲಿನ ಉಷ್ಣಾಂಶ ಸುಮಾರು 5 ಡಿಗ್ರಿಗೆ ಇಳಿದಾಗ ಪೈಪಿನ ನೀರು ಹೆಪ್ಪುಗಟ್ಟದಿರಲೆಂದು ಅದು ಟೈಮರನ್ನು ಬದಿಗಿಟ್ಟು ಬಾಯ್ಲರ್ ಹೊತ್ತಿಸುತ್ತದೆ. ಮೂರನೆಯದು ಪ್ರೋಗ್ರಾಮರ್‌ನ ‘ಒನ್ಸ್’ ಎಂಬ ಆಯ್ಕೆ. ಅದರಲ್ಲಿ ದಿನದ ಮೊದಲ ಆನ್‌ನಿಂದ ಕೊನೆಯ ಆಫ್‌ವರೆಗೆ ನಡುವೆ ಬಿಡುವೇ ಇರುವುದಿಲ್ಲ. ಬೆಳಗ್ಗೆ, ಸಂಜೆ ಎಂದು ಎರಡು ಹೊತ್ತು ಬೇಕಿದ್ದರೆ ‘ಟ್ವೈಸ್’ ಅಥವಾ ‘ಆಟೋ’ದಲ್ಲಿಡಬೇಕು. ಇಡೀ ದಿನ ಓಡುತ್ತದೆ ಎಂಬ ದೂರಿಗೆ ಕಾರಣ ಕೆಲವೊಮ್ಮೆ ಈ ಒಂದು ಗುಂಡಿ.

ಪ್ರಶ್ನೆ: ಡಿಸ್‌ಪ್ಲೇ ಪೂರ್ತಿ ಖಾಲಿ. ಯಾವ ಗುಂಡಿ ಒತ್ತಿದರೂ ಏನೂ ಬರುವುದಿಲ್ಲ. (ಸ್ಲೌ)

ಉತ್ತರ: ಮೊದಲು ಬಾಯ್ಲರ್‌ನ ಮುಖ ನೋಡಿ. ಅಲ್ಲಿಯೂ ದೀಪವಿಲ್ಲದಿದ್ದರೆ ಟೈಮರ್‌ಗೆ ಕರೆಂಟೇ ಬಂದಿಲ್ಲ. ಸ್ಪರ್ ಸ್ವಿಚ್ಚನ್ನು ಯಾರೋ ಅರಿಯದೆ ಆಫ್ ಮಾಡಿರಬಹುದು, ಇಲ್ಲವೇ ಅದರೊಳಗಿನ ಫ್ಯೂಸ್ ಹೋಗಿರಬಹುದು. ಅಲ್ಲಿ ಹಾಕಬೇಕಾದದ್ದು 3 ಆಂಪಿಯರ್ ಫ್ಯೂಸ್. ಕೈಗೆ ಸಿಕ್ಕಿತೆಂದು ಪ್ಲಗ್ಗಿನ 13 ಆಂಪಿಯರ್ ಫ್ಯೂಸ್ ತುರುಕಬೇಡಿ. ಹೀಟಿಂಗಿನ ತಂತಿಗಳಾಗಲಿ ಟೈಮರ್‌ನ ರಿಲೇಯಾಗಲಿ ಅಷ್ಟು ಕರೆಂಟು ತಾಳುವುದಿಲ್ಲ. ಹೊಸ ಫ್ಯೂಸೂ ಹೋದರೆ ನೀರು ಸೋರಿ ಒದ್ದೆಯಾದ ಪಂಪು ಅಥವಾ ವಾಲ್ವಿನ ಕಡೆಗೆ ಅನುಮಾನ ತಿರುಗಲಿ.

ಬಾಯ್ಲರ್‌ಗೆ ಕರೆಂಟಿದ್ದು ಟೈಮರ್ ಮಾತ್ರ ಸತ್ತಿದ್ದರೆ, ಸಣ್ಣ ರಂಧ್ರದೊಳಗಿನ ರೀಸೆಟ್ ಗುಂಡಿಯನ್ನು ಪೇಪರ್ ಕ್ಲಿಪ್ಪಿನ ತುದಿಯಿಂದ ಒತ್ತಿ. ಬ್ಯಾಟರಿ ಇರುವ ಮಾದರಿಯಾದರೆ ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ. ರೀಚಾರ್ಜ್ ಮಾಡುವಂಥವು 1.2 ವೋಲ್ಟ್ ಮಾತ್ರ ಕೊಡುವುದರಿಂದ ಹಲವು ಥರ್ಮೋಸ್ಟಾಟ್‌ಗಳು ತುಂಬಿದ ಬ್ಯಾಟರಿಯನ್ನೂ ಖಾಲಿ ಎಂದೇ ತಿಳಿಯುತ್ತವೆ. ಹಳೆಯ ಬ್ಯಾಟರಿ ಸೋರಿ ಬಿಳಿ-ಹಸಿರು ಹಿಟ್ಟು ಕಟ್ಟಿದ್ದರೆ ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ. ಬ್ಯಾಕ್‌ಪ್ಲೇಟಿಗೆ ಮುಂಭಾಗ ಸರಿಯಾಗಿ ಕೂರದೆ ಸಂಪರ್ಕ ತಪ್ಪಿರುವುದೂ ಉಂಟು. ಗೋಡೆಗೆ ಬಣ್ಣ ಹೊಡೆದ ಮರುದಿನ ಟೈಮರ್ ‘ಕೆಟ್ಟರೆ’ ಮೊದಲು ಇದನ್ನೇ ನೋಡಿ.

ಕರೆಂಟು ಹೋಗಿ ಬಂದಾಗಲೆಲ್ಲ ಸಮಯವೂ ಪ್ರೋಗ್ರಾಮೂ ಅಳಿಸಿಹೋಗುತ್ತಿದ್ದರೆ ಒಳಗಿನ ಬ್ಯಾಕಪ್ ಸೆಲ್ಲು ಮುಗಿದಿದೆ. ಉಳಿದಂತೆ ಟೈಮರ್ ಕೆಲಸ ಮಾಡುತ್ತದೆ, ಆತುರವಿಲ್ಲ.

ಪ್ರಶ್ನೆ: ಡಿಸ್‌ಪ್ಲೇ ಸರಿಯಾಗಿದೆ, ಹೀಟಿಂಗ್ ಆನ್ ಎಂದೂ ತೋರಿಸುತ್ತದೆ, ಆದರೆ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ. ಹೊಸ ಟೈಮರ್ ಕೊಳ್ಳುವ ಮುನ್ನ ಖಚಿತ ಮಾಡಿಕೊಳ್ಳುವುದು ಹೇಗೆ? (ರೆಡಿಂಗ್)

ಉತ್ತರ: ರೂಮ್ ಥರ್ಮೋಸ್ಟಾಟನ್ನು 30ಕ್ಕೆ ಏರಿಸಿ, ಟೈಮರ್ ಆನ್ ಮಾಡಿ, ಕಿವಿಗೊಡಿ. ರಿಲೇಯ ‘ಟಿಕ್’ ಸದ್ದು ಬಂದಿತೆಂದ ಮಾತ್ರಕ್ಕೆ ಅದು ಸರಿಯಿದೆ ಎಂದಲ್ಲ. ಸುರುಳಿ ಎಳೆದರೂ ಸುಟ್ಟು ಕರಕಲಾದ ತುದಿಗಳು ಕರೆಂಟು ದಾಟಿಸದೇ ಇರಬಹುದು.

ಖಚಿತ ಪರೀಕ್ಷೆ ಎಂದರೆ ಟೈಮರ್ ಮಾಡುವ ಕೆಲಸವನ್ನು ಒಂದು ತುಂಡು ತಂತಿಯಿಂದ ಮಾಡಿಸುವುದು. ಸ್ಪರ್ ಆಫ್ ಮಾಡಿ, ಫ್ಯೂಸನ್ನೇ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಪ್ರೋಗ್ರಾಮರ್ ಕಳಚಿ, ಬ್ಯಾಕ್‌ಪ್ಲೇಟಿನಲ್ಲಿ ಕರೆಂಟಿಲ್ಲವೆಂದು ಟೆಸ್ಟರ್‌ನಿಂದ ನೋಡಿ. ಬಳಿಕ ಹೊದಿಕೆ ಇರುವ 1 ಚದರ ಮಿಲಿಮೀಟರ್ ತಂತಿಯನ್ನು ‘ಎಲ್’ (ಲೈವ್, ಕರೆಂಟು ಬರುವ ಕಡೆ) ಮತ್ತು ‘ಹೀಟಿಂಗ್ ಆನ್’ ಟರ್ಮಿನಲ್‌ಗಳ ನಡುವೆ ಸ್ಕ್ರೂ ಬಿಗಿದು ಜೋಡಿಸಿ. ಫ್ಯೂಸ್ ಹಾಕಿ, ದೂರ ನಿಂತು ಸ್ಪರ್ ಆನ್ ಮಾಡಿ, ಒಂದು ನಿಮಿಷ ಕಾಯಿರಿ. ವಾಲ್ವ್ ನಿಧಾನವಾಗಿ ತೆರೆದ ಮೇಲಷ್ಟೇ ಬಾಯ್ಲರ್‌ಗೆ ಕರೆ ಹೋಗುತ್ತದೆ. ಹೊತ್ತಿಕೊಂಡರೆ ಕೆಟ್ಟಿದ್ದು ಟೈಮರೇ. ಹೊತ್ತದಿದ್ದರೆ ಥರ್ಮೋಸ್ಟಾಟ್, ವಾಲ್ವ್, ಬಾಯ್ಲರ್ ಈ ಕ್ರಮದಲ್ಲಿ ಹುಡುಕಬೇಕು. ಪರೀಕ್ಷೆ ಮುಗಿದೊಡನೆ ಮತ್ತೆ ಕರೆಂಟು ತೆಗೆದು ಆ ತಂತಿ ಬಿಚ್ಚಿ.

ಒಂದು ಕಟ್ಟುನಿಟ್ಟಿನ ಮಾತು: ಇದು 230 ವೋಲ್ಟಿನಲ್ಲಿ ಸ್ವಿಚ್ ಆಗುವ ವ್ಯವಸ್ಥೆಗೆ ಮಾತ್ರ. ಕೆಲವು ಕಾಂಬಿ ಬಾಯ್ಲರ್‌ಗಳ ಥರ್ಮೋಸ್ಟಾಟ್ ಟರ್ಮಿನಲ್‌ಗಳಲ್ಲಿ 24 ವೋಲ್ಟ್ ಇರುತ್ತದೆ. ಅಲ್ಲಿಗೆ ‘ಎಲ್’ನಿಂದ ತಂತಿ ಎಳೆದರೆ ಬಾಯ್ಲರ್‌ನ ಸರ್ಕ್ಯೂಟ್ ಬೋರ್ಡ್ ಆ ಕ್ಷಣವೇ ಸುಟ್ಟುಹೋಗಬಹುದು. ಟೈಮರ್‌ನ ದರಕ್ಕಿಂತ ಬೋರ್ಡಿನ ದರ ಎಷ್ಟೋ ಹೆಚ್ಚು.

ಪ್ರಶ್ನೆ: ಎರಡು ಚಾನೆಲ್‌ನ ಪ್ರೋಗ್ರಾಮರ್ ಕೆಟ್ಟಿರುವುದು ಖಚಿತವಾಗಿದೆ. ನಾನೇ ಬದಲಿಸಬಹುದೇ? ಹೇಗೆ? (ಮಿಲ್ಟನ್ ಕೀನ್ಸ್)

ಉತ್ತರ: ಕಾನೂನಿನ ಅಡ್ಡಿಯಿಲ್ಲ. ಇಂಗ್ಲೆಂಡಿನಲ್ಲಿ ಮನೆಯ ವಿದ್ಯುತ್ ಕೆಲಸಕ್ಕೆ ಕಟ್ಟಡ ನಿಯಮಗಳ ‘ಪಾರ್ಟ್ ಪಿ’ ಅನ್ವಯಿಸುತ್ತದೆ; ಇದ್ದ ಜಾಗದಲ್ಲೇ ಹಳೆಯದರ ಬದಲು ಅಂಥದೇ ಹೊಸದನ್ನು ಹಾಕುವುದಕ್ಕೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಿಲ್ಲ. ಬಾಯ್ಲರ್‌ನ ಒಳಗೆ ಕೈಹಾಕುವ ಕೆಲಸ ಮಾತ್ರ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರದು.

ಮೊದಲು ಮುಂಭಾಗ ಕಳಚಿ ಬ್ಯಾಕ್‌ಪ್ಲೇಟ್ ನೋಡಿ. ಸಾಲಾಗಿ ಎನ್ (ನ್ಯೂಟ್ರಲ್), ಎಲ್, 1, 2, 3, 4 ಎಂದು ಆರು ಟರ್ಮಿನಲ್ ಇದ್ದರೆ, ಹಲವು ತಯಾರಕರು ಒಪ್ಪಿಕೊಂಡಿರುವ ‘ಇಂಡಸ್ಟ್ರಿ ಸ್ಟ್ಯಾಂಡರ್ಡ್’ ಮಾದರಿ ಅದಾಗಿರುವ ಸಂಭವ ಹೆಚ್ಚು. ಅದರಲ್ಲಿ 1 ಎಂದರೆ ಬಿಸಿನೀರು ಆಫ್, 2 ಹೀಟಿಂಗ್ ಆಫ್, 3 ಬಿಸಿನೀರು ಆನ್, 4 ಹೀಟಿಂಗ್ ಆನ್. ಅದೇ ಮಾದರಿಯ ಹೊಸ ಪ್ರೋಗ್ರಾಮರ್ ತಂದರೆ ಒಂದು ತಂತಿಯನ್ನೂ ಬಿಚ್ಚಬೇಕಿಲ್ಲ. ಕಂಪನಿ ಬೇರೆಯಾದರೂ ಹಳೆಯ ಬ್ಯಾಕ್‌ಪ್ಲೇಟಿಗೇ ಹೊಸ ಮುಂಭಾಗ ತಗುಲಿಸಿ ಕೆಳಗಿನ ಸ್ಕ್ರೂ ಬಿಗಿದರೆ ಐದು ನಿಮಿಷದ ಕೆಲಸ. ಪೆಟ್ಟಿಗೆಯ ಮೇಲೆ ಈ ಮಾತು ಮುದ್ರಿಸಿದೆಯೇ, ಹಿಂಬದಿಯ ಟರ್ಮಿನಲ್ ಚಿತ್ರ ಹಳೆಯದಕ್ಕೆ ಹೊಂದುತ್ತದೆಯೇ ಎಂದು ನೋಡಿ ಕೊಳ್ಳಿ.

ಹಳೆಯದು ಬೇರೆ ಮಾದರಿಯಾದರೆ ಬ್ಯಾಕ್‌ಪ್ಲೇಟೂ ಬದಲಾಗಬೇಕು. ಎರಡು ಮೊನೆಗಳ ವೋಲ್ಟೇಜ್ ಟೆಸ್ಟರ್, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚ್, ಕಾಗದದ ಟೇಪು, ಪೆನ್ನು ಹತ್ತಿರವಿರಲಿ. ಮುಟ್ಟದೆಯೇ ಬೀಪ್ ಎನ್ನುವ ಪೆನ್ ಟೆಸ್ಟರನ್ನು ನಂಬಿ ಕೈ ಹಾಕಬೇಡಿ. ಸ್ಪರ್ ಆಫ್ ಮಾಡಿ ಫ್ಯೂಸ್ ತೆಗೆದ ಮೇಲೆ, ಮೊದಲು ಕರೆಂಟಿರುವ ಬೇರೆ ಜಾಗದಲ್ಲಿ ಟೆಸ್ಟರ್ ಕೆಲಸ ಮಾಡುತ್ತದೆಯೇ ನೋಡಿ. ಆಮೇಲೆ ಬ್ಯಾಕ್‌ಪ್ಲೇಟಿನ ಪ್ರತಿ ಟರ್ಮಿನಲ್ಲನ್ನೂ ನ್ಯೂಟ್ರಲ್ ಮತ್ತು ಅರ್ಥ್ ಎರಡರ ಜೊತೆಗೂ ಪರೀಕ್ಷಿಸಿ. ಕೊನೆಗೆ ಟೆಸ್ಟರನ್ನು ಮತ್ತೊಮ್ಮೆ ಕರೆಂಟಿರುವಲ್ಲಿ ನೋಡಿ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಹಳೆಯ ಮನೆಗಳಲ್ಲಿ ಬಾಯ್ಲರ್‌ಗೆ ಒಂದು ಕಡೆಯಿಂದ, ಟೈಮರ್‌ಗೆ ಇನ್ನೊಂದು ಕಡೆಯಿಂದ ಕರೆಂಟು ಬಂದಿರುವುದುಂಟು. ಒಂದು ಸ್ವಿಚ್ ಆಫ್ ಮಾಡಿದರೂ ಇನ್ನೊಂದರ ಕರೆಂಟು ವಾಪಸ್ ಬಂದು ಕಾದಿರುತ್ತದೆ.

ಬಳಿಕ ಫೋಟೊ ತೆಗೆದು, ಪ್ರತಿ ತಂತಿಗೂ ಟೇಪು ಸುತ್ತಿ ಅದು ಕೂತಿದ್ದ ಟರ್ಮಿನಲ್ಲಿನ ಸಂಖ್ಯೆ ಬರೆಯಿರಿ. ಬಣ್ಣವನ್ನು ನಂಬಬೇಡಿ. 2006ರ ಮುಂಚಿನ ಮನೆಗಳಲ್ಲಿ ಕೆಂಪು-ಕಪ್ಪು ತಂತಿ, ಈಚಿನವುಗಳಲ್ಲಿ ಕಂದು-ನೀಲಿ. ಅದಕ್ಕೂ ಮಿಗಿಲಾಗಿ, ನೀಲಿ ಅಥವಾ ಕಪ್ಪು ತಂತಿಯೇ ಇಲ್ಲಿ ಸ್ವಿಚ್ ಆದ ಕರೆಂಟನ್ನು ಹೊತ್ತಿರಬಹುದು.

ತಪ್ಪಾಗುವುದು ಹೆಚ್ಚಾಗಿ ಇದರ ಮುಂದಿನ ಹೆಜ್ಜೆಯಲ್ಲಿ: ಹಳೆಯದರಲ್ಲಿ 3ರಲ್ಲಿತ್ತು ಎಂದು ಹೊಸದರಲ್ಲೂ 3ಕ್ಕೆ ಹಾಕುವುದು. ಸಂಖ್ಯೆಗೆ ಅರ್ಥವಿಲ್ಲ, ಕೆಲಸಕ್ಕೆ ಅರ್ಥ. ಹಳೆಯ ಸಂಖ್ಯೆ, ಅದರ ಕೆಲಸ, ಹೊಸ ಸಂಖ್ಯೆ ಎಂದು ಕಾಗದದ ಮೇಲೆ ಮೂರು ಅಂಕಣ ಎಳೆದು, ಎರಡೂ ಕೈಪಿಡಿಗಳನ್ನು ನೋಡಿಕೊಂಡು ತುಂಬಿ. ಕೆಲವು ಹಳೆಯ ಪ್ರೋಗ್ರಾಮರ್‌ಗಳಲ್ಲಿ ಎಲ್‌ನಿಂದ ಬೇರೆ ಟರ್ಮಿನಲ್‌ಗೆ ಹೊರಗಿನಿಂದಲೇ ಸಣ್ಣ ಕೊಂಡಿ ತಂತಿ ಇರುತ್ತದೆ. ಹೊಸದರಲ್ಲಿ ಆ ಜೋಡಣೆ ಒಳಗೇ ಇದ್ದರೆ ಕೊಂಡಿ ಬೇಡ; ಯೋಚಿಸದೆ ಸಾಗಿಸಿದರೆ ಹಗಲೂ ರಾತ್ರಿಯೂ ಬಿಸಿನೀರು ಕಾಯುತ್ತಿರುತ್ತದೆ. ಎಲ್‌ನಲ್ಲಿ ಎರಡು ತಂತಿಗಳಿದ್ದರೆ ಎರಡೂ ಹೊಸ ಎಲ್‌ಗೇ ಹೋಗಬೇಕು. ಹಸಿರು-ಹಳದಿ ಅರ್ಥ್ ತಂತಿಗೆ ಪ್ರೋಗ್ರಾಮರ್‌ನಲ್ಲಿ ಕೆಲಸವಿಲ್ಲದಿದ್ದರೂ ಅದನ್ನು ಕತ್ತರಿಸದೆ, ಅದಕ್ಕಾಗಿ ಕೊಟ್ಟ ಟರ್ಮಿನಲ್ಲಿನಲ್ಲಿ ನಿಲ್ಲಿಸಿ.

ತಂತಿಯ ತುದಿಯಲ್ಲಿ ಸುಮಾರು 7 ಮಿಲಿಮೀಟರ್ ಮಾತ್ರ ಸುಲಿಯಿರಿ. ಬಿಗಿದ ಮೇಲೆ ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿ. ಮುಂಭಾಗ ಕೂರಿಸುವ ಮುನ್ನ ಅದರ ಬೆನ್ನಿಗಿರುವ ಪುಟ್ಟ ಸ್ವಿಚ್ ಅಥವಾ ಜಂಪರ್ ಗಮನಿಸಿ: ಒಂದು ಕಡೆ ‘ಗ್ರಾವಿಟಿ’ (ಬಿಸಿನೀರು ಪಂಪಿಲ್ಲದೆ ತಾನಾಗಿ ಸಿಲಿಂಡರ್ ಕಡೆಗೆ ಏರುವ ಹಳೆಯ ವ್ಯವಸ್ಥೆಗೆ), ಇನ್ನೊಂದು ಕಡೆ ‘ಪಂಪ್ಡ್’. ಮೋಟಾರ್ ವಾಲ್ವ್‌ಗಳಿರುವ ಪೂರ್ಣ ಪಂಪಿನ ವ್ಯವಸ್ಥೆಗೆ ‘ಪಂಪ್ಡ್’ ಇರಬೇಕು. ತಪ್ಪಿ ‘ಗ್ರಾವಿಟಿ’ಯಲ್ಲಿ ಉಳಿದರೆ ಹೀಟಿಂಗ್ ಹಾಕಿದಾಗಲೆಲ್ಲ ಬಿಸಿನೀರೂ ತಾನಾಗಿ ಆನ್ ಆಗುತ್ತದೆ, ಹೊಸ ಟೈಮರೇ ಕೆಟ್ಟದ್ದು ಬಂತೆಂದು ಅಂಗಡಿಗೆ ಅಲೆಯುವಂತಾಗುತ್ತದೆ.

ಕೊನೆಗೆ ನಾಲ್ಕು ಪರೀಕ್ಷೆ: ಬಿಸಿನೀರು ಮಾತ್ರ, ಹೀಟಿಂಗ್ ಮಾತ್ರ, ಎರಡೂ, ಎರಡೂ ಇಲ್ಲದೆ. ಪ್ರತಿಯೊಂದಕ್ಕೂ ಕೆಲವು ನಿಮಿಷ ಕೊಟ್ಟು ಪೈಪು ಮುಟ್ಟಿ ನೋಡಿ.

ಪ್ರಶ್ನೆ: ಹೊಸ ಪ್ರೋಗ್ರಾಮರ್ ಹಾಕಿದ ಮೇಲೆ, ಬಿಸಿನೀರು ಆನ್ ಇದ್ದರೆ ಮಾತ್ರ ಹೀಟಿಂಗ್ ಕೆಲಸ ಮಾಡುತ್ತದೆ. ಹೀಟಿಂಗ್ ಒಂದನ್ನೇ ಹಾಕಿದರೆ ಏನೂ ಆಗುವುದಿಲ್ಲ. (ಮ್ಯಾಂಚೆಸ್ಟರ್)

ಉತ್ತರ: ನಿಮ್ಮಲ್ಲಿರುವುದು ಮೂರು ಬಾಯಿಯ ಒಂದೇ ವಾಲ್ವಿನ ವೈ ಪ್ಲಾನ್, ಬಿಟ್ಟುಹೋಗಿರುವುದು 1ನೇ ಟರ್ಮಿನಲ್ಲಿನ ತಂತಿ. ಈ ವಾಲ್ವ್ ತಾನಾಗಿ ಬಿಸಿನೀರಿನ ಕಡೆ ನಿಂತಿರುತ್ತದೆ. ಬಿಳಿ ತಂತಿಗೆ ಕರೆಂಟು ಬಂದರೆ ನಡುವಿಗೆ ಬಂದು ನಿಲ್ಲುತ್ತದೆ; ಜೊತೆಗೆ ಬೂದು ತಂತಿಗೂ ಬಂದರೆ ಪೂರ್ತಿ ಹೀಟಿಂಗ್ ಕಡೆಗೆ ಹೊರಳಿ, ಆಗ ಮಾತ್ರ ಕಿತ್ತಳೆ ತಂತಿಯ ಮೂಲಕ ಬಾಯ್ಲರ್ ಹೊತ್ತಿಸುತ್ತದೆ. ಬೂದು ತಂತಿಗೆ ಕರೆಂಟು ಬರುವ ದಾರಿ ಎರಡು: ಸಿಲಿಂಡರ್ ಸಾಕಷ್ಟು ಕಾದಾಗ ಅದರ ಥರ್ಮೋಸ್ಟಾಟ್‌ನಿಂದ, ಇಲ್ಲವೇ ಪ್ರೋಗ್ರಾಮರ್‌ನ ‘ಬಿಸಿನೀರು ಆಫ್’ ಟರ್ಮಿನಲ್ಲಿನಿಂದ. ಆ ಎರಡನೆಯ ದಾರಿ ನಿಮ್ಮಲ್ಲಿ ಮುಚ್ಚಿದೆ. ‘ಆಫ್ ಟರ್ಮಿನಲ್ಲಿಗೆ ತಂತಿ ಯಾಕೆ’ ಎಂದು ಅದನ್ನು ಬಿಚ್ಚಿಟ್ಟು ಟೇಪು ಸುತ್ತುವುದು ಬಹಳ ಸಾಮಾನ್ಯ ತಪ್ಪು. ಹಳೆಯ ಫೋಟೊ ನೋಡಿ ಆ ತಂತಿ ಗುರುತಿಸಿ, ಕರೆಂಟು ತೆಗೆದು, 1ಕ್ಕೆ ಜೋಡಿಸಿ. ಎಸ್ ಪ್ಲಾನ್ ಇರುವ ಮನೆಯಲ್ಲಿ ಈ ಟರ್ಮಿನಲ್ ಖಾಲಿಯೇ ಇರುತ್ತದೆ, ಅಲ್ಲಿ ಗಾಬರಿ ಬೇಡ.

ಪ್ರಶ್ನೆ: ಡಿಸ್‌ಪ್ಲೇ ಮಂಕಾಗಿದೆ, ಹೀಟಿಂಗ್ ಆನ್ ಆಗುವ ಹೊತ್ತಿಗೆ ಇನ್ನೂ ಮಂಕಾಗಿ ಒಳಗೆ ಕಟಕಟ ಸದ್ದು ಬರುತ್ತದೆ. ನನಗೆ ಬೆಸುಗೆ ಹಾಕಲು ಬರುತ್ತದೆ. ರಿಪೇರಿ ಸಾಧ್ಯವೇ?

ಉತ್ತರ: ಸಾಧ್ಯ, ರೋಗವೂ ಪರಿಚಿತವೇ. ಹಲವು ಡಿಜಿಟಲ್ ಟೈಮರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟನ್ನು ಒಂದು ಕೆಪಾಸಿಟರ್ ಮೂಲಕ ಇಳಿಸುತ್ತಾರೆ. ವರ್ಷಗಟ್ಟಲೆ ಕರೆಂಟಿನಲ್ಲೇ ಇರುವ ಆ ಕೆಪಾಸಿಟರ್‌ನ ಮೌಲ್ಯ ಕುಸಿಯುತ್ತದೆ. ಗಡಿಯಾರಕ್ಕೆ ಸಾಕಾಗುವಷ್ಟು ಕರೆಂಟು ಸಿಗುತ್ತದೆ, ರಿಲೇ ಎಳೆಯಲು ಸಾಲುವುದಿಲ್ಲ. ಅದಕ್ಕೇ ಈ ಕಟಕಟ. ಮೈಮೇಲೆ ‘ಎಕ್ಸ್2’ ಎಂದೂ 275 ವೋಲ್ಟ್ ಎಸಿ ಎಂದೂ ಮುದ್ರಿಸಿದ ಚೌಕ ಪೆಟ್ಟಿಗೆಯಂಥ ಭಾಗ ಅದು. ಬಿಚ್ಚಿ ಮೀಟರಿನಲ್ಲಿ ಅಳೆಯಿರಿ: 0.47 ಮೈಕ್ರೋಫ್ಯಾರಡ್ ಎಂದು ಬರೆದಿದ್ದು 0.2 ತೋರಿಸಿದರೆ ಕಾರಣ ಸಿಕ್ಕಿತು. ಅದೇ ಮೌಲ್ಯದ, ಅದೇ ಎಕ್ಸ್2 ದರ್ಜೆಯದನ್ನೇ ಹಾಕಿ. ಮಾಮೂಲಿ ಕೆಪಾಸಿಟರ್ ಇಲ್ಲಿ ಬೆಂಕಿಗೆ ದಾರಿ.

ಆದರೆ ಇಂಥ ಬೋರ್ಡಿನ ಪ್ರತಿ ಬಿಂದುವೂ, ಡಿಸ್‌ಪ್ಲೇಯ ಕಾಲುಗಳೂ ಸೇರಿ, ಮುಖ್ಯ ವಿದ್ಯುತ್ತಿಗೆ ನೇರವಾಗಿ ಅಂಟಿಕೊಂಡಿರುತ್ತದೆ. ಮುಚ್ಚಳ ತೆಗೆದಿಟ್ಟು ಕರೆಂಟು ಕೊಟ್ಟು ನೋಡುವ ಆಸೆ ಬೇಡ. ಕರೆಂಟು ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರಬಹುದು. ಬೆಸುಗೆ ಬರುವವರಿಗೂ ನಮ್ಮ ಸಲಹೆ: ತುದಿ ಸುಟ್ಟ ರಿಲೇ ಇದ್ದರೆ ರಿಪೇರಿ ಬಿಟ್ಟು ಹೊಸದು ತನ್ನಿ.

ಪ್ರಶ್ನೆ: ಕಾಂಬಿ ಬಾಯ್ಲರ್‌ನ ಮುಖದಲ್ಲೇ ಹಲ್ಲುಗಳಿರುವ ದುಂಡು ಗಡಿಯಾರವಿದೆ. ಅದು ತಡವಾಗಿ ಓಡುತ್ತಿದೆ. (ಕಾರ್ಡಿಫ್)

ಉತ್ತರ: ಅದು 24 ಗಂಟೆಯ ಯಾಂತ್ರಿಕ ಟೈಮರ್, 15 ನಿಮಿಷಕ್ಕೊಂದು ಹಲ್ಲಿನಂತೆ 96 ಹಲ್ಲು. ಅದರ ಪುಟ್ಟ ಮೋಟಾರು 50 ಹರ್ಟ್ಸ್ ವಿದ್ಯುತ್ತಿನ ತಾಳಕ್ಕೆ ತಿರುಗುತ್ತದೆ. ಕರೆಂಟು ಹೋದಷ್ಟು ಹೊತ್ತು ಗಡಿಯಾರವೂ ನಿಲ್ಲುತ್ತದೆ, ಅದು ದೋಷವಲ್ಲ. ಕರೆಂಟು ಹೋಗದೆಯೂ ದಿನದಿನಕ್ಕೆ ಹಿಂದೆ ಬೀಳುತ್ತಿದ್ದರೆ ಗಿಯರ್ ಸವೆದಿದೆ. ಬಾಯ್ಲರ್‌ನ ಕವಚ ತೆಗೆಯದೆ ಬದಲಿಸಲಾಗದ ಮಾದರಿಯಾದರೆ ಗ್ಯಾಸ್ ಸೇಫ್ ತಂತ್ರಜ್ಞರನ್ನು ಕರೆಯಿರಿ. ಹೇಗೂ ಖರ್ಚು ಮಾಡುತ್ತೀರಿ ಎಂದಾದರೆ ಅದೇ ಗಡಿಯಾರಕ್ಕಿಂತ, ಸಮಯ ಮತ್ತು ಉಷ್ಣಾಂಶ ಎರಡನ್ನೂ ನೋಡಿಕೊಳ್ಳುವ ವೈರ್‌ಲೆಸ್ ಥರ್ಮೋಸ್ಟಾಟ್ ಹಾಕಿಸಿಕೊಳ್ಳುವುದು ಮೇಲು. ಆಗ ಗೋಡೆಯ ಹಳೆಯ ಥರ್ಮೋಸ್ಟಾಟನ್ನು ತೆಗೆಸಿ. ಉಳಿದರೆ ಎರಡರ ನಡುವೆ ಜಗಳವಾಗಿ ಮನೆ ತಣ್ಣಗೆ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಪ್ರೋಗ್ರಾಮರ್‌ನಲ್ಲಿ ಸರ್ವೀಸ್ ಎಂಬ ಪದ ಮಿನುಗುತ್ತಿದೆ, ಹೀಟಿಂಗ್ ಸ್ವಲ್ಪ ಹೊತ್ತು ಮಾತ್ರ ಬರುತ್ತದೆ. (ಲಂಡನ್)

ಉತ್ತರ: ಕೆಟ್ಟಿಲ್ಲ. ಬಾಡಿಗೆ ಮನೆಗಳಿಗೆಂದೇ ಮಾಡಿದ ಕೆಲವು ಪ್ರೋಗ್ರಾಮರ್‌ಗಳು ವಾರ್ಷಿಕ ತಪಾಸಣೆಯ ದಿನ ದಾಟಿದರೆ ಹೀಗೆ ಹೀಟಿಂಗಿನ ಅವಧಿ ಕಡಿತ ಮಾಡಿ ನೆನಪಿಸುತ್ತವೆ. ತಪಾಸಣೆಗೆ ಬಂದವರು ಕೋಡ್ ಹಾಕಿ ಸರಿಪಡಿಸುತ್ತಾರೆ. ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಇಂಗ್ಲೆಂಡ್‌ನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಬಾಡಿಗೆ ಕರಾರುಗಳಲ್ಲಿ ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯ ದುರಸ್ತಿ ಮಾಲೀಕರ ಹೊಣೆ. ನೀವಾಗಿ ಸ್ಕ್ರೂ ಬಿಚ್ಚಲು ಹೋಗಬೇಡಿ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಬೇಸಿಗೆಯ ಸಮಯ ಮುಗಿದು ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುವಾಗ ಹಲ್ಲಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದೇ?

ಉತ್ತರ: ಬೇಡ, ಹಲ್ಲು ಮುರಿಯುತ್ತದೆ. ಮಾರ್ಚ್‌ನ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ. ಅಕ್ಟೋಬರ್‌ನ ಕೊನೆಯ ಭಾನುವಾರವೂ ಮುಂದಕ್ಕೇ, ಆದರೆ 23 ಗಂಟೆ.